ನಡುಮನೆಯ ಜಂಬೂಸವಾರಿ

ಆ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ರಾಜಾಜಿನಗರದ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ನಾಲ್ವರು. ಅತ್ತೆ ಪದ್ಮಮ್ಮನವರು ಮಂಡಿಗೆ ಎಣ್ಣೆ ಸವರಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮಾವ ನೆಲದ ಮೇಲೆ ಕೂತು ಹಳೆ ಪಂಚೆಯ ತುಂಡಿನಿಂದ ಒಂದೊಂದೇ ಬೊಂಬೆಯ ಮೂಗು ಒರೆಸುತ್ತಿದ್ದರು. ನನ್ನ ಗಂಡ ಹರೀಶ ಮಹಡಿಯ ಕೋಣೆಯಿಂದ ಬೊಂಬೆ ಟ್ರಂಕುಗಳನ್ನು ಇಳಿಸಿ ಸೊಂಟ ಹಿಡಿದುಕೊಂಡು ನಿಂತಿದ್ದ. ನಾಲ್ಕನೆಯವಳು ನಾನು. ಮದುವೆಯಾಗಿ ಬಂದ ಮೊದಲ ದಸರಾ; ತವರಿನಿಂದ ತಂದ ಪಟ್ಟದ ಬೊಂಬೆಗಳ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಇವನ್ನು ಎಲ್ಲಿಡಬೇಕೆಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಮೊನ್ನೆ ಬಸವೇಶ್ವರನಗರದ ಗೆಳತಿಯ ಮನೆಗೆ ಬಾಣಂತಿ ನೋಡಲು ಹೋಗಿದ್ದೆ. ಅವಳ ತಾಯಿ ಮಗುವಿಗೆಂದು ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಕೂತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಆ ದಸರಾ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು.

ಟ್ರಂಕಿನ ತಳದಿಂದ ಕೊನೆಗೆ ಬಂದದ್ದು ಆನೆ. ಕಾಗದ ಅರೆದು ಮಾಡಿದ, ಒಳಗೆ ಟೊಳ್ಳಾದ, ಚಿನ್ನದ ಬಣ್ಣದ ಅಂಬಾರಿ ಹೊತ್ತ ಆನೆ. ಅತ್ತೆಗೆ ಅವರ ತಾಯಿ ಕೊಟ್ಟದ್ದು. ಅತ್ತೆ ಮೈಸೂರಿನ ಹೆಣ್ಣುಮಗಳು. ಅವರಿಗೆ ಜಂಬೂಸವಾರಿ ಇಲ್ಲದ ದಸರಾ ಎಂದರೆ ಉಪ್ಪಿಲ್ಲದ ಹುಳಿ. ವರ್ಷವರ್ಷವೂ ವಿಜಯದಶಮಿಯ ಸಂಜೆ ಅವರು ನೆಲದ ಮೇಲೆ ಕೂತು, ಬೊಂಬೆ ಮೆಟ್ಟಿಲ ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ, ರಟ್ಟಿನ ಅರಮನೆಯಿಂದ ಬನ್ನಿಮಂಟಪದವರೆಗೆ ಆನೆಯನ್ನು ಕೈಯಿಂದ ತಳ್ಳಿ ಒಂದು ಸುತ್ತು ಬರಿಸುತ್ತಿದ್ದರಂತೆ. ಬೀದಿಯ ಮಕ್ಕಳು ಬಾಯಲ್ಲೇ ಬ್ಯಾಂಡು ಬಾರಿಸುತ್ತಿದ್ದರಂತೆ.

"ಈ ಸಲ ಸವಾರಿ ಬೇಡ," ಎಂದರು ಅತ್ತೆ. "ನೆಲಕ್ಕೆ ಕೂತ್ರೆ ನನ್ನನ್ನ ಎತ್ತಕ್ಕೆ ಇನ್ನೊಂದು ಆನೆ ಬೇಕು."

ಮಾವ ನಕ್ಕರು. ಅತ್ತೆ ನಗಲಿಲ್ಲ. ಆನೆಯ ಸೊಂಡಿಲನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟರು.

"ಅತ್ತೆ, ಅದು ತಾನಾಗೇ ಹೋಗೋ ಹಾಗೆ ಮಾಡ್ಲಾ?" ಎಂದು ನಾನು ಕೇಳಿದೆ.

ಇಲ್ಲಿ ನನ್ನ ಗ್ರಹಚಾರದ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುವವಳು. ಕೆಲಸ ಮುಗಿದ ಮೇಲೆ ಬೇರೆಯವರು ಹಾಡು ಕೇಳುವ ಹಾಗೆ, ಹೂ ಕಟ್ಟುವ ಹಾಗೆ, ನನಗೆ ಪುಟ್ಟ ಪುಟ್ಟ ರೋಬೋ ಮಾಡುವ ಚಟ. ನನ್ನ ಮೇಜು, ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿ, ಡಬ್ಬಿಗಟ್ಟಲೆ ಬಿಡಿಭಾಗ ಎಲ್ಲವೂ ಕೆಂಗೇರಿಯ ತವರಿನಲ್ಲೇ ಉಳಿದಿದ್ದವು. ಶನಿವಾರ ಬಂತೆಂದರೆ ಮೆಟ್ರೋ ಹತ್ತಿ ಕೆಂಗೇರಿಗೆ ಓಡುತ್ತಿದ್ದೆ. ಮದುವೆಯಾದವಳು ವಾರವಾರ ತವರಿಗೆ ಹೋದರೆ ನೋಡಿದವರು ಈ ಮನೆಯಲ್ಲಿ ಏನೋ ನಡೆದಿದೆ ಅಂದುಕೊಳ್ಳುತ್ತಾರೆ ಎಂಬುದು ಅತ್ತೆಯ ಕೊರಗು. ಸರಿ ಎಂದು ಒಂದು ದಿನ ಸಾಮಾನಿನ ಪೆಟ್ಟಿಗೆಯನ್ನೇ ಹೊತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲೇ ಬೆಸುಗೆ ಹಾಕಿದೆ. ಆ ಹೊಗೆ ಹೋಗಿ ಒಗ್ಗರಣೆಯಲ್ಲಿ ಸೇರಿಕೊಂಡು, ಆ ರಾತ್ರಿಯ ಸಾರಿಗೆ ರೇಡಿಯೋ ಅಂಗಡಿಯ ರುಚಿ ಬಂದಿತ್ತು. ಮಾವ ಎರಡು ಸಲ ಬಡಿಸಿಕೊಂಡು ನನ್ನ ಮಾನ ಕಾಪಾಡಿದರು. ಅತ್ತೆ ಮಾತ್ರ ಪೆಟ್ಟಿಗೆ ಈ ಮನೆಯೊಳಗೆ ಬೇಡ ಎಂದಿದ್ದರು.

ಮನೆಯಲ್ಲಿ ಜಾಗ ಇರಲಿಲ್ಲವೆಂದಲ್ಲ. ಮಹಡಿಯ ಮೇಲೆ ಒಂದು ಚಿಕ್ಕ ಕೋಣೆ ಇತ್ತು. ಅದರ ತುಂಬ ಬೊಂಬೆ ಟ್ರಂಕುಗಳು. ವರ್ಷದಲ್ಲಿ ಹತ್ತು ದಿನ ಮಾತ್ರ ಅದು ಖಾಲಿ. ಅದರ ಮೇಲೆ ನನ್ನ ಕಣ್ಣಿತ್ತೆಂಬುದು ಅತ್ತೆಗೂ ಗೊತ್ತಿತ್ತು.

ಅವರು ನನ್ನನ್ನು ಒಮ್ಮೆ, ಆನೆಯನ್ನು ಒಮ್ಮೆ ನೋಡಿದರು. "ನೋಡಮ್ಮ ವೀಣಾ. ವಿಜಯದಶಮಿ ದಿನ ಎಲ್ಲರೆದುರಿಗೆ ಇದು ತಾನಾಗೇ ಒಂದು ಸುತ್ತು ಬಂದ್ರೆ, ಆ ಕೋಣೆ ನಿಂದು. ಬರ್ಲಿಲ್ಲ ಅಂದ್ರೆ ಆ ಪೆಟ್ಟಿಗೆ ಸುದ್ದಿ ಈ ಮನೇಲಿ ಎತ್ತೋ ಹಾಗಿಲ್ಲ. ಅಲ್ಲೀವರೆಗೆ ಮಹಡಿ ಮೆಟ್ಟಿಲ ಮೇಲೆ ಕೂತು ಏನು ಬೇಕೋ ಮಾಡ್ಕೋ. ಆದ್ರೆ ಆನೆಗೆ ಒಂದು ಮೊಳೆ ಹೊಡೀಬಾರ್ದು."

ನನಗೆ ಕೋಣೆ ಆಗಲೇ ಸಿಕ್ಕಷ್ಟು ಖುಷಿಯಾಯಿತು. ಗೆರೆ ಹಿಡಿದು ಹೋಗುವ ರೋಬೋ ಎಂದರೆ ಈ ಚಟದವರಿಗೆ ಅ ಆ ಇ ಈ. ಮಣೆಯ ಹಾಗೆ ಒಂದು ಹಲಗೆ, ಅದಕ್ಕೆ ಎರಡು ಚಕ್ರ, ಎರಡು ಮೋಟರು. ಹಲಗೆಯ ಹೊಟ್ಟೆಯಡಿ ನೆಲ ನೋಡುವ ಎರಡು ಕಣ್ಣು. ಒಂದೊಂದು ಕಣ್ಣಿನಲ್ಲೂ ಜೋಡಿ: ಒಂದು ಅವಗೆಂಪು ಬೆಳಕು ಚೆಲ್ಲುತ್ತದೆ, ಇನ್ನೊಂದು ನೆಲದಿಂದ ಎಷ್ಟು ತಿರುಗಿ ಬಂತೆಂದು ನೋಡುತ್ತದೆ. ಟಿವಿ ರಿಮೋಟಿನಿಂದ ಹೊರಡುವುದೂ ಇದೇ ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಿಳಿ ನೆಲ ಅದನ್ನು ವಾಪಸು ಕೊಡುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ, ಬಲಗಣ್ಣಿಗೆ ಕಂಡರೆ ಬಲಕ್ಕೆ ತಿರುಗು. ಎರಡಕ್ಕೂ ಬಿಳಿ ಕಂಡರೆ ನೇರ ನಡೆ. ಎರಡಕ್ಕೂ ಕಪ್ಪು ಕಂಡರೆ ನಿಲ್ಲು. ಇಷ್ಟೇ ಅದರ ಬುದ್ಧಿ. ಅಂದೇ ಕೆಂಗೇರಿಗೆ ಹೋಗಿ ಪೆಟ್ಟಿಗೆ ತಂದೆ; ಪಾಡ್ಯದ ಸಂಜೆಗೆ ಹಲಗೆ ತಯಾರಾಗಿ, ಬಿಳಿ ಬಟ್ಟೆಯ ಮೇಲೆ ಅಂಟಿಸಿದ ಕರೆಂಟ್ ಕೆಲಸದವರ ಕಪ್ಪು ಟೇಪಿನ ಮೇಲೆ, ಅಂಬಾರಿ ಹೊತ್ತ ಆನೆ ಎಣ್ಣೆ ಹಾಕಿದ ಹಾಗೆ ನಡೆಯಿತು.

ಅತ್ತೆ ದೇವರಮನೆಯಿಂದ ಬಂದವರು ಆನೆಯನ್ನು ನೋಡಲೇ ಇಲ್ಲ. ಟೇಪು ನೋಡಿದರು.

"ಇದೇನೇ ಇದು, ದೇವಿ ಕೂತಿರೋ ಕಡೆ ಕಪ್ಪು?"

ಶುಭಕಾರ್ಯದಲ್ಲಿ ಕಪ್ಪು ಬೇಡ. ಸೀಮಂತಕ್ಕೆ ಕಪ್ಪು ಸೀರೆ ಉಡುವುದಿಲ್ಲ, ಗೃಹಪ್ರವೇಶಕ್ಕೆ ಕಪ್ಪು ಬಟ್ಟೆ ಕೊಡುವುದಿಲ್ಲ. ಇದು ನನ್ನ ಅಜ್ಜಿಯ ಮಡಿಲಲ್ಲೇ ಕಲಿತ ಪಾಠ, ಆದರೂ ಟೇಪು ಅಂಟಿಸುವಾಗ ಹೊಳೆದಿರಲಿಲ್ಲ. ರೋಬೋ ಮಾಡುವವರಿಗೆ ಬಿಳಿಯ ಮೇಲೆ ಕಪ್ಪು ಎಂಬುದು ಉಸಿರಾಟದಷ್ಟು ಸಹಜ. ಟೇಪು ಕಿತ್ತೆ. ಬೇರೆ ಯಾವುದಾದರೂ ಗಾಢ ಬಣ್ಣ ಹಾಕಿಕೋ, ಲೋಕದಲ್ಲಿ ಬಣ್ಣಕ್ಕೇನು ಬರವೇ ಎಂದರು ಅತ್ತೆ. ನನಗೂ ಸರಿಯೆನಿಸಿತು.

ಮಾರನೆಯ ದಿನ ಕೆಲಸದಿಂದ ಬರುತ್ತ ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಳಿದು, ಗಾರ್ಮೆಂಟಿನಲ್ಲಿ ಮೇಲ್ವಿಚಾರಣೆ ಮಾಡುವ ನನ್ನ ಹಳೆಯ ಸಹಪಾಠಿಯಿಂದ ಕತ್ತರಿಸಿ ಉಳಿದ ಬಟ್ಟೆಯ ಪಟ್ಟಿಗಳನ್ನು ಚೀಲ ತುಂಬ ತಂದೆ. ಕಡುಗೆಂಪು, ಬಾಟಲ್ ಹಸಿರು, ನೇರಳೆ ಹಣ್ಣಿನ ಬಣ್ಣ, ರಾತ್ರಿಯಂಥ ನೀಲಿ. ಒಂದೊಂದನ್ನೂ ಹಾಸಿ ಆನೆ ಬಿಟ್ಟೆ. ಅದು ಗೆರೆ ಇದೆಯೆಂಬ ಗಣನೆಯೇ ಇಲ್ಲದೆ, ಮದುವೆಮನೆಯಲ್ಲಿ ಊಟದ ಹಾಲ್ ಹುಡುಕುವವರ ಹಾಗೆ ನೇರ ನಡೆದು ಗೋಡೆಗೆ ಹಣೆ ಕೊಟ್ಟಿತು. ಎಷ್ಟು ಗಾಢವಾದರೂ ಅಷ್ಟೇ. ಕುತೂಹಲಕ್ಕೆ ಚೀಲದ ತಳದಲ್ಲಿದ್ದ ಕಪ್ಪು ಬಟ್ಟೆಯನ್ನೇ ಅತ್ತೆಗೆ ಕಾಣದಂತೆ ಮಹಡಿಯಲ್ಲಿ ಹಾಸಿದೆ. ಕಾಗೆಗಪ್ಪು. ಅದರ ಮೇಲೂ ಆನೆ ನೇರ ನಡೆಯಿತು.

ಅಲ್ಲಿಗೆ ನನಗೆ ಹುಚ್ಚು ಹಿಡಿಯಿತು. ಒಂದು ಕಣ್ಣಿನ ಜೋಡಿಯನ್ನು ಬಾಚಣಿಗೆ ಗಾತ್ರದ ಹಲಗೆಗೆ ಕೂರಿಸಿ, ಕಪ್ಪು ಕಂಡರೆ ಪುಟ್ಟ ದೀಪ ಹೊತ್ತುವ ಹಾಗೆ ಮಾಡಿಕೊಂಡು ಮನೆಯೆಲ್ಲ ತಡವುತ್ತ ಹೊರಟೆ. ಕುಂಕುಮ: ಬಿಳಿ. ಅತ್ತೆಯ ಹಸಿರು ರೇಷ್ಮೆ: ಬಿಳಿ. ಹರೀಶನ ಕಪ್ಪು ಪ್ಯಾಂಟು: ಬಿಳಿ. ಮಾವನ ಕೊಡೆ: ಬಿಳಿ. ಅವಗೆಂಪು ಬೆಳಕಿಗೆ ಬಟ್ಟೆಯ ಬಣ್ಣಗಳೆಲ್ಲ ಸುಳ್ಳು, ಅದು ಬಣ್ಣ ದಾಟಿ ನೂಲನ್ನೇ ನೋಡುತ್ತದೆ ಎಂಬುದು ಆಗ ಅರ್ಥವಾಯಿತು. ನಾನು ನೋಡುವ ಜಗತ್ತೇ ಬೇರೆ, ನನ್ನ ಆನೆ ನೋಡುವ ಜಗತ್ತೇ ಬೇರೆ. ಕಾಣುವ ಬೆಳಕಿನ ಕಣ್ಣು ಹಾಕೋಣವೆಂದರೆ ಬೊಂಬೆಗಳ ಸುತ್ತ ಮಿಣಮಿಣ ಎನ್ನುವ ಸೀರಿಯಲ್ ಸೆಟ್ಟು ಅದನ್ನು ಕೆಡಿಸುತ್ತಿತ್ತು.

ಅಂತೂ ಅಡುಗೆಮನೆಯಲ್ಲಿ ದೋಸೆಕಲ್ಲಿನ ಬೆನ್ನಿಗೆ ಹಿಡಿದಾಗ ದೀಪ ಹೊತ್ತಿತು.

"ಮಸಿ, ಅತ್ತೆ! ಇದಕ್ಕೆ ಮಸಿ ಮಾತ್ರ ಕಪ್ಪಾಗಿ ಕಾಣತ್ತೆ," ಎಂದೆ.

"ದೇವಿ ಮುಂದೆ ದೋಸೆಕಲ್ಲಿನ ಮಸಿ ಬಳೀತೀಯಾ? ಅದಕ್ಕಿಂತ ಆ ಟೇಪೇ ವಾಸಿ," ಎಂದು ಅತ್ತೆ ದೋಸೆಕಲ್ಲು ಕಸಿದುಕೊಂಡರು. ನಾನು ಮಹಡಿ ಮೆಟ್ಟಿಲ ಮೇಲೆ ಹೋಗಿ ಕೂತೆ. ಚಿತ್ತೆ ಮಳೆ ಹನಿಯುತ್ತಿತ್ತು. ಖಾಲಿ ಕೋಣೆಯ ಬಾಗಿಲು ಗಾಳಿಗೆ ಒಮ್ಮೆ ತೆರೆದು ಒಮ್ಮೆ ಮುಚ್ಚಿ ನನ್ನನ್ನು ಹಂಗಿಸುತ್ತಿತ್ತು.

ಮರುದಿನ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಿದ್ದ ಅತ್ತೆ ಕನ್ನಡಿಯ ಮುಂದಿನಿಂದಲೇ ಕರೆದರು. ಕಾಡಿಗೆ ಡಬ್ಬಿ ಕೈಯಲ್ಲಿತ್ತು. "ಇದಕ್ಕೆ ಹಿಡಿದು ನೋಡು." ಹಿಡಿದೆ. ದೀಪ ಹೊತ್ತಿತು. ಮನೆಯಲ್ಲೇ ಮಾಡಿದ ಕಾಡಿಗೆ; ಹರಳೆಣ್ಣೆ ದೀಪದ ಮಸಿಯಲ್ಲದೆ ಅದರಲ್ಲಿ ಇನ್ನೇನಿದೆ?

"ಇದಾದ್ರೆ ಆಗಬಹುದು," ಎಂದರು ಅತ್ತೆ. "ಅರಿಶಿನ, ಕುಂಕುಮ, ಬಳೆ, ಹೂವು, ಕಾಡಿಗೆ. ದೇವಿಗೆ ಕೊಡೋದೇ ಅಲ್ವಾ ಇದು."

ಅಂದಿನ ಮಧ್ಯಾಹ್ನ ಅತ್ತೆ ಕುರ್ಚಿಯಲ್ಲಿ ಕೂತು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಹಣತೆಗೆ ಹರಳೆಣ್ಣೆ, ದಪ್ಪ ಬತ್ತಿ, ಮೇಲೆ ತಾಮ್ರದ ತಟ್ಟೆ. ಕಣ್ಣಿಗಾದರೆ ಅದಕ್ಕೆ ಬೆಣ್ಣೆ ಸೇರಿಸಬೇಕು. ಜಿಡ್ಡು ಹೊಳೆದರೆ ಬೆಳಕು ವಾಪಸು ಬರುತ್ತದೆಂದು ನಾನು ಬೇಡವೆಂದೆ. ಹಾಗಾದರೆ ಮೈದಾ ಅಂಟಿಗೆ ಕಲಸು ಎಂದು ಅವರೆಂದರು. ಬಿಳಿ ಪಂಚೆಯ ಉದ್ದ ಪಟ್ಟಿಯ ಮೇಲೆ ಗೆರೆ ಎಳೆದೆವು. ಬನ್ನಿಮಂಟಪದ ಹತ್ತಿರ ಆನೆ ನಿಲ್ಲಲೆಂದು ಅಡ್ಡಕ್ಕೊಂದು ದಪ್ಪ ಗೆರೆ. ಕಣ್ಣಿನ ಸರ್ಕ್ಯೂಟಿನಲ್ಲಿ ಎಷ್ಟಕ್ಕೆ ಕಪ್ಪು, ಎಷ್ಟಕ್ಕೆ ಬಿಳಿ ಎಂದು ತೀರ್ಮಾನಿಸುವ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಬಿಟ್ಟೆ. ಆನೆ ಸೊಂಡಿಲು ಅಲುಗದಂತೆ ಗಂಭೀರವಾಗಿ ಪೂರ್ತಿ ಸುತ್ತು ಬಂತು. ಅತ್ತೆ ಮೊದಲ ಬಾರಿಗೆ ನಡೆಯುವ ಆನೆಯನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಆಮೇಲಿನ ಸಂಜೆಗಳು ಹಬ್ಬವೋ ಹಬ್ಬ. ಬೊಂಬೆ ನೋಡಲು ಬಂದ ಮಕ್ಕಳು ಬಾಗಿನದ ಚಕ್ಕುಲಿಯನ್ನು ಕೈಯಲ್ಲಿ ಹಿಡಿದೇ ಮರೆತು ಆನೆಯ ಹಿಂದೆ ತೆವಳಿದರು. ಮೂರನೇ ಕ್ರಾಸಿನವರೂ ಬಂದರು, ಪರಿಚಯವಿಲ್ಲದವರೂ ಬಂದರು. ಮಾವ ಬಾಗಿಲಲ್ಲಿ ನಿಂತು ಚಪ್ಪಲಿ ಜೋಡಿಸುವ ಕೆಲಸ ವಹಿಸಿಕೊಂಡರು.

ಆಯುಧಪೂಜೆಯ ದಿನ ವಿಜಯನಗರದಿಂದ ಅತ್ತೆಯ ಓರಗಿತ್ತಿ ಸರೋಜಮ್ಮ, ನನಗೆ ಚಿಕ್ಕತ್ತೆ, ಊಟಕ್ಕೆ ಬಂದರು. ಅವರ ಮನೆಯ ಬೊಂಬೆಗಳ ನಡುವೆ ಮೋಟರು ಹಾಕಿದ ನೀರಿನ ಕಾರಂಜಿಯಿದೆ. ಆ ಕಾರಂಜಿಯ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅವರು ಗೆರೆ ನೋಡಿ, "ಇದು ಕಪ್ಪಲ್ವಾ ಅಕ್ಕ?" ಎಂದರು.

"ಕಾಡಿಗೆ ಕಣೇ. ನಿನ್ನ ಕಣ್ಣಲ್ಲಿರೋದೇ," ಎಂದರು ಅತ್ತೆ.

ಅಂದು ಬೆಳಿಗ್ಗೆ ಪೂಜೆಯ ಹೊತ್ತಿಗೆ ನಾನು ಕಾಣದ ಒಂದು ಸಂಗತಿ ನಡೆದಿತ್ತು. ಬೀದಿಯಲ್ಲಿ ಸ್ಕೂಟರಿಗೆ ಬೂದುಗುಂಬಳ ಒಡೆದು ಒಳಗೆ ಬಂದರೆ, ದೇವರ ಮುಂದೆ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ಮಾವನ ಸುತ್ತಿಗೆ, ಹರೀಶನ ಲ್ಯಾಪ್‌ಟಾಪು. ಅವುಗಳ ಸಾಲಿನಲ್ಲಿ ನನ್ನ ಸಾಲ್ಡರಿಂಗ್ ಕಡ್ಡಿ, ಮೀಟರು, ತಿರುಪುಳಿ. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ಪೆಟ್ಟಿಗೆಯೊಳಗೆ ಹುದುಗಿದ್ದ ಪುಟ್ಟ ಚಿಮಟವನ್ನೂ ಬಿಟ್ಟಿರಲಿಲ್ಲ. ಮಂಗಳಾರತಿ ತೆಗೆದುಕೊಳ್ಳುವಾಗ ನನಗೆ ಕಣ್ಣು ಮಂಜಾಯಿತು.

ಊಟವಾದ ಮೇಲೆ ಚಿಕ್ಕತ್ತೆ ಒಂದು ಮಾತು ತೆಗೆದರು. ಆನೆ ಸುಮ್ಮನೆ ಹೊರಟರೆ ಅದೆಂಥ ಸವಾರಿ, ನಾಳೆ ಅದು ನಡೆಯುವಷ್ಟು ಹೊತ್ತೂ ಜೊತೆಗೆ ಆರತಿ ಬೆಳಗಬೇಕು, ಅದನ್ನು ನಾನೇ ಬೆಳಗುತ್ತೇನೆ ಎಂದರು. ಅತ್ತೆಗೆ ಹಿತವಾಯಿತು. ಒಮ್ಮೆ ನೋಡೇ ಬಿಡೋಣವೆಂದು ತುಪ್ಪದ ಬತ್ತಿ ಹಚ್ಚಿ ಚಿಕ್ಕತ್ತೆ ನೆಲದ ಮಟ್ಟಕ್ಕೆ ಬಗ್ಗಿದರು.

ಆನೆ ನಾಲ್ಕು ಹೆಜ್ಜೆಯೂ ಹೋಗಲಿಲ್ಲ. ಗೆರೆ ಬಿಟ್ಟು ನೇರ ನುಗ್ಗಿ, ರಾಗಿ ಪೈರಿನ ಪಾರ್ಕನ್ನು ತುಳಿದು, ಬೊಂಬೆ ಶೆಟ್ಟರ ದಿನಸಿ ಅಂಗಡಿಗೆ ಢೀ ಕೊಟ್ಟಿತು. ಶೆಟ್ಟರು ಅಕ್ಕಿ ಮೂಟೆಯ ಮೇಲೆ ಮುಗ್ಗರಿಸಿದರು. ಇನ್ನೊಮ್ಮೆ ಬಿಟ್ಟೆವು. ಇನ್ನೊಮ್ಮೆ ಶೆಟ್ಟರು ಬಿದ್ದರು.

"ಪರವಾಗಿಲ್ಲ ಬಿಡು, ಮಕ್ಕಳಾಟ ಅಲ್ವಾ," ಎಂದರು ಚಿಕ್ಕತ್ತೆ. ಆ ಸಮಾಧಾನದ ಮಾತು ಅತ್ತೆಯ ಮುಖವನ್ನು ಕೆಂಪಗೆ ಮಾಡಿತು.

ತಪ್ಪು ಎಲ್ಲಿದೆಯೆಂದು ನನಗೆ ತಕ್ಷಣ ತಿಳಿಯಿತು. ಬೆಂಕಿ ಎಂದರೆ ಅವಗೆಂಪು ಬೆಳಕಿನ ಊಟೆ. ಆರತಿ ನೆಲಕ್ಕೆ ಬಂದಾಗ ಆ ಬೆಳಕು ಹಲಗೆಯ ಅಡಿಗೆ ನುಗ್ಗಿ ಎರಡೂ ಕಣ್ಣು ತುಂಬಿಬಿಡುತ್ತದೆ. ಗೆರೆಯೂ ಬಿಳಿ, ನೆಲವೂ ಬಿಳಿ. ಎರಡಕ್ಕೂ ಬಿಳಿ ಕಂಡರೆ ನೇರ ನಡೆ ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ. ಮದ್ದೂ ಗೊತ್ತಿತ್ತು. ನಮ್ಮ ಬೆಳಕನ್ನು ಮಿಟುಕಿಸಿ, ಅದು ಹೊತ್ತಿದಾಗ ಎಷ್ಟು, ಆರಿದಾಗ ಎಷ್ಟು ಎಂದು ನೋಡಿ ಕಳೆದರೆ ದೀಪದ ಪಾಲು ಹೊರಟುಹೋಗುತ್ತದೆ. ಎರಡು ತಂತಿ ಬೆಸೆಯಬೇಕು, ಲ್ಯಾಪ್‌ಟಾಪಿನಿಂದ ನಾಲ್ಕು ಸಾಲು ಹೊಸ ಬುದ್ಧಿ ಹೇಳಬೇಕು. ಗಂಟೆ ಹೊತ್ತಿನ ಕೆಲಸ.

ಎದ್ದು ದೇವರಮನೆಯ ಬಾಗಿಲಿಗೆ ಹೋದವಳು ಅಲ್ಲೇ ನಿಂತೆ. ಕಡ್ಡಿ ಸೇವಂತಿಗೆ ಮುಡಿದು ಮಲಗಿತ್ತು.

ನಮ್ಮ ಮನೆಯ ಪದ್ಧತಿಯಲ್ಲಿ ಪೂಜೆಗಿಟ್ಟ ಆಯುಧವನ್ನು ಮರುದಿನ ಸಂಜೆ ಸವಾರಿ ಮುಗಿದು ಬನ್ನಿ ಹಂಚುವವರೆಗೆ ಕದಲಿಸುವ ಹಾಗಿಲ್ಲ. ಈಳಿಗೆಮಣೆ ಕದಲದ್ದರಿಂದ ಅಂದು ತರಕಾರಿಯನ್ನೂ ಕೈಯಲ್ಲೇ ಮುರಿದು ಹಾಕಿದ್ದೆವು. ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು.

"ಅತ್ತೆ, ಇದೊಂದು ಕಡ್ಡಿ ಮಾತ್ರ..."

"ನಾನೇ ಮನಸಾರೆ ಇಟ್ಟು ಕುಂಕುಮ ಹಚ್ಚಿದೀನಿ ಕಣೇ," ಎಂದರು ಅವರು. "ಈಗ ನಾನೇ ಹೆಂಗೆ ಎತ್ಕೊಡ್ಲಿ?"

ಅಷ್ಟು ದಿನ ಒಳಗೆ ಬೇಡವೆಂದ ಪೆಟ್ಟಿಗೆಯನ್ನು ದೇವರ ಪಕ್ಕ ಕೂರಿಸಿದ್ದರು. ಅದನ್ನು ಎಬ್ಬಿಸಿ ಕೋಣೆ ಗೆಲ್ಲುವುದು ನನ್ನಿಂದ ಆಗದ ಮಾತು. ಆರತಿ ಬೇಡ ಎನ್ನೋಣವೆಂದರೆ ಚಿಕ್ಕತ್ತೆ ಆಗಲೇ ನಾಳೆಯ ಸೀರೆಯ ಬಗ್ಗೆ ಮಾತಾಡುತ್ತಿದ್ದರು.

ಸಂಜೆ ಅವರು ಹೋದ ಮೇಲೆ ಅತ್ತೆ ಕುರ್ಚಿಯನ್ನು ಆನೆಯ ಹತ್ತಿರಕ್ಕೆ ಎಳೆದುಕೊಂಡರು. ಬೆಳಕು ಒಳಗೆ ಹೋಗದ ಹಾಗೆ ಪರದೆ ಕಟ್ಟಿದರಾಗದೇ, ಅರಮನೆ ಆನೆ ಮೈಮೇಲೆ ಝೂಲು ಹಾಕಲ್ಲವೇ ಎಂದು ಕೇಳಿದರು. ನೆಲ ಮುಟ್ಟುವ ಝೂಲು! ನನಗೆ ಜೀವ ಬಂತು. ಕತ್ತರಿ ಪೂಜೆಯಲ್ಲಿತ್ತು, ಹೊಲಿಗೆ ಮಷೀನೂ ಹೂ ಮುಡಿದಿತ್ತು. ಕಾಮಾಕ್ಷಿಪಾಳ್ಯದ ಕಡುಗೆಂಪು ಬಟ್ಟೆಯನ್ನು ಕೈಯಲ್ಲೇ ಪರ್ರನೆ ಹರಿದು, ಯಾರೂ ಪೂಜೆ ಮಾಡದ ಸೇಫ್ಟಿ ಪಿನ್ನುಗಳಿಂದ ಹಲಗೆಯ ಸುತ್ತ ಇಳಿಬಿಟ್ಟೆವು. ಮಾವ ಆರತಿ ಹಿಡಿದರು. ಆನೆ ಶೆಟ್ಟರ ಅಂಗಡಿಗೇ ಹೋಯಿತು.

ಮರೆತೇ ಹೋಗಿತ್ತು: ಈ ಬೆಳಕಿಗೆ ಬಟ್ಟೆಯ ಬಣ್ಣ ಲೆಕ್ಕಕ್ಕಿಲ್ಲ. ಕೆಂಪು ಝೂಲು ಅದಕ್ಕೆ ಮಲ್ಲಿನ ತೆರೆ. ಸಿಹಿತಿಂಡಿ ಡಬ್ಬಿಯ ರಟ್ಟು ಕಟ್ಟಿ ನೋಡಿದೆವು. ಹಾಸಿದ ಬಟ್ಟೆಯ ಸುಕ್ಕಿಗೆ ತಗುಲಿ ಆನೆ ಒಂದು ಕಡೆ ನಿಂತು ಗುರುಗುಟ್ಟಿತು. ಅತ್ತೆ ಮತ್ತು ನಾನು ಒಬ್ಬರನ್ನೊಬ್ಬರು ನೋಡಿದ್ದು ಒಂದೇ ಗಳಿಗೆಯಲ್ಲಿ.

"ಹರಳೆಣ್ಣೆ ಎಷ್ಟಿದೆ ನೋಡು," ಎಂದರು ಅವರು.

ಹಣತೆಗಳು ಹೊತ್ತಿಕೊಂಡವು. ಹರೀಶ ಕಿಟಕಿ ತೆರೆದ. ಅತ್ತೆ ತಟ್ಟೆಯನ್ನು ತೆಂಗಿನ ಚಿಪ್ಪಿನ ಚೂರಿನಿಂದ ಕೆರೆದು ಕೊಟ್ಟ ಹಾಗೆಲ್ಲ ನಾನು ಅಂಟಿಗೆ ಕಲಸಿ ಝೂಲಿನ ಒಳಮೈಗೆ ಬಳಿದೆ. ಹೊರಗೆ ಕಡುಗೆಂಪು, ಒಳಗೆ ದಟ್ಟ ಕಾಡಿಗೆ. ಮೂಗಿನ ತುದಿಯಲ್ಲಿ ಕಪ್ಪು ಹಚ್ಚಿಕೊಂಡು ಕೂತಿದ್ದ ಹೆಂಡತಿಯನ್ನು ನೋಡಿ ಮಾವ ಕೇಳಿದರು: "ಅಲ್ವೇ, ಆನೆ ಸುತ್ತು ಬಂದ್ರೆ ನಿನ್ನ ಕೋಣೆ ಹೋಗತ್ತೆ. ನೀನು ಯಾರ ಕಡೆ?"

"ಸುಮ್ನೆ ದೀಪ ಹಿಡೀರಿ," ಎಂದರು ಅತ್ತೆ.

ಅಂಟು ಹಸಿಯಿದ್ದುದರಿಂದ ಅಂದು ಆನೆಯನ್ನು ಬಿಟ್ಟು ನೋಡಲಾಗಲಿಲ್ಲ. ವಿಜಯದಶಮಿಯ ಬೆಳಗೆಲ್ಲ ಮೋಡ, ಒಣಗಲೇ ಇಲ್ಲ. ನಾನು ಬೀಸಣಿಗೆ ಹಿಡಿದು ಕೂತೆ. ಗೋಧೂಳಿಯ ಹೊತ್ತಿಗೆ ಜನ ಬಂದು ತುಂಬಿದರು, ಚಿಕ್ಕತ್ತೆ ಜರಿ ಸೀರೆಯುಟ್ಟು ಬಂದರು, ಮಳೆಯೂ ಬಂತು. ಒಮ್ಮೆಯೂ ಪರೀಕ್ಷೆ ಮಾಡದ ಝೂಲು ತೊಟ್ಟು ಆನೆ ಅರಮನೆಯ ಬಾಗಿಲಲ್ಲಿ ನಿಂತಿತು. ಮಕ್ಕಳು ಬಾಯಲ್ಲಿ ಬ್ಯಾಂಡು ಶುರು ಮಾಡಿದರು. ನಾನು ಸ್ವಿಚ್ಚು ಒತ್ತಿದೆ.

ಆನೆ ಹೊರಟಿತು. ಚಿಕ್ಕತ್ತೆ ಆರತಿಯನ್ನು ಸೊಂಡಿಲಿನ ಹತ್ತಿರಕ್ಕೇ ತಂದರು, ಹೊಟ್ಟೆಯ ಹತ್ತಿರಕ್ಕೂ ತಂದರು. ಆನೆ ಮೊದಲ ತಿರುವಿಗೆ ಬಂದು, ಒಂದು ಕ್ಷಣ ಅನುಮಾನಿಸಿ, ಗೆರೆಯ ಜೊತೆ ಬಾಗಿತು. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. ಆ ಹೊತ್ತಿಗೆ ಸರಿಯಾಗಿ ಗುಡುಗಿ ಕರೆಂಟು ಹೋಯಿತು.

ಸೀರಿಯಲ್ ಸೆಟ್ಟು ಆರಿತು, ಟ್ಯೂಬ್‌ಲೈಟ್ ಆರಿತು. ಚಿಕ್ಕತ್ತೆ ದಿಕ್ಕು ತಪ್ಪಿ ಆರತಿ ಹಿಡಿದು ಇದ್ದಲ್ಲೇ ನಿಂತರು; ಆ ಕಿರುಬೆಳಕು ಅವರ ಮುಖ ದಾಟಿ ಆಚೆ ಹೋಗಲಿಲ್ಲ. ಕತ್ತಲಲ್ಲಿ ಬ್ಯಾಟರಿಯ ಆನೆ ಮಾತ್ರ ಗುಂಯ್ ಎಂದು ನಡೆಯುತ್ತಿತ್ತು. ಅದಕ್ಕೆ ನಮ್ಮ ದೀಪ ಬೇಕಿರಲಿಲ್ಲ. ಅದರ ಬೆಳಕು ಅದರ ಹೊಟ್ಟೆಯಡಿಯೇ ಇತ್ತು. ಮಕ್ಕಳೂ ಸದ್ದು ನಿಲ್ಲಿಸಿ ಕಿವಿಗೊಟ್ಟರು. ಗುಂಯ್ ಸದ್ದು ಎಡಕ್ಕೆ ಹೋಯಿತು, ದೂರ ಹೋಯಿತು, ಬಲಕ್ಕೆ ತಿರುಗಿತು, ಆಮೇಲೆ ನಿಂತುಹೋಯಿತು. ಎಲ್ಲಿ ನಿಂತಿತೆಂದು ಯಾರಿಗೂ ಕಾಣದು.

"ಶೆಟ್ಟರು ಬಿದ್ದ ಸದ್ದು ಕೇಳ್ಲಿಲ್ಲ," ಎಂದರು ಮಾವ ಮೆಲ್ಲಗೆ.

ಹರೀಶ ಮೊಬೈಲಿನ ಟಾರ್ಚು ಹಾಕಿದ. ಬನ್ನಿಮಂಟಪದ ಮುಂದೆ, ಅಡ್ಡಗೆರೆಯ ಮೇಲೆ, ಅಂಬಾರಿ ಒಂದಿಷ್ಟೂ ಓರೆಯಾಗದೆ ಆನೆ ನಿಂತಿತ್ತು. ಮಕ್ಕಳ ಬ್ಯಾಂಡು ಮನೆ ಹಾರಿಹೋಗುವ ಹಾಗೆ ಶುರುವಾಯಿತು. ಚಿಕ್ಕತ್ತೆ ತಾವೇ ಆನೆಗೆ ಎರಡನೇ ಆರತಿ ಎತ್ತಿದರು.

ಬನ್ನಿ ಹಂಚಿದ್ದಾಯಿತು, ಬಂದವರು ಕೊಡೆ ಹಿಡಿದು ಹೊರಟರು. ಪದ್ಧತಿಯಂತೆ ಪಟ್ಟದ ಬೊಂಬೆಯನ್ನು ಮಲಗಿಸಿದೆವು. ಮರುದಿನ ಬೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ತುಂಬಿ, ಹರೀಶ ಮೊದಲನೆಯದನ್ನು ಮಹಡಿಗೆ ಹೊರಲು ಎತ್ತಿದಾಗ ಅತ್ತೆ, "ಅಲ್ಲಿಗ್ಯಾಕೋ? ನನ್ನ ಮಂಚದ ಕೆಳಗೆ ತಳ್ಳು," ಎಂದರು. ಮಂಚ ಗಿಡ್ಡವಾಯಿತು. ಮಾವ ಅದರ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಿದರು.

ಮುಂದಿನ ಭಾನುವಾರ ನನ್ನ ಅಪ್ಪ ಕೆಂಗೇರಿಯಿಂದ ಲಗೇಜ್ ಆಟೋದಲ್ಲಿ ಮೇಜು ತಂದರು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಅದನ್ನು ಮೂವರು ಗಂಡಸರು ಬಿಡಿಸಿ, ಹೊತ್ತು, ಕೋಣೆಯ ಒಳಗೋಡೆಗೆ ಒತ್ತಿ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಬಂದರು. ಬಾಗಿಲಲ್ಲಿ ನಿಂತು ಕೋಣೆಯನ್ನು ಸುತ್ತ ನೋಡಿದರು.

"ಆ ಕಿಟಕಿ ಕೆಳಗೆ ಹಾಕು," ಎಂದರು. "ಹೊಗೆ ಆಚೆ ಹೋಗ್ಲಿ."

ನಾವು ಮೇಜನ್ನು ಕಿಟಕಿಯ ಕೆಳಗೆ ಹಾಕಿದೆವು.